ಬಾಯಿಂದ ಎತ್ತರಿಸಿದ ಕಾರು

ಬಾಯಿರುವ ಮನುಷ್ಯ ಅದರಿಂದ ಉಣ್ಣುತ್ತಾನೆ, ಬೈಯುತ್ತಾನೆ, ಹೆಚ್ಚೆಂದರೆ ಸೀಟಿ ಹೊಡೆಯುತ್ತಾನೆ. ನಾನು ನನ್ನ ಬಾಯಿಂದ ಒಂದು ಕಾರನ್ನು ಗೇಣುದ್ದ ಮೇಲೆತ್ತಿದ್ದೇನೆ. ಜಾಕಿಲ್ಲ, ಹಾರೆಯಿಲ್ಲ, ನಾಲ್ಕು ಜನರ ಹೆಗಲಿಲ್ಲ; ಬರೀ ಬಾಯಿ. ಹೆಮ್ಮೆಗೆ ಹೇಳುತ್ತಿದ್ದೇನೆಂದು ತಿಳಿಯಬೇಡಿ. ತಪ್ಪೊಪ್ಪಿಗೆಗೆ ಶುರುವಿನಲ್ಲಿ ಚೂರು ಜಂಬ ಬೆರೆಸಿಕೊಂಡರೆ ಗಂಟಲಲ್ಲಿ ಸಲೀಸಾಗಿ ಇಳಿಯುತ್ತದೆ, ಅಷ್ಟೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಪಿಯುಸಿಯಲ್ಲಿ ಎರಡು ಸಲ ನಪಾಸಾದ ನಾನು ಮೂರನೆಯ ಸಲದ ತಯಾರಿಗೆಂದು ಮಧುಗಿರಿಯ ಸೋದರಮಾವನ ಮನೆಯಲ್ಲಿದ್ದೆ. ಓದು ಹೇಗೋ ಇರಲಿ, ಅಣಕಿಸುವುದರಲ್ಲಿ ಮಾತ್ರ ನನ್ನದೇ ಮೊದಲ ನಂಬರು. ಅತ್ತೆ ಸೀನುವ ಮುಂಚೆ ಮೂರು ಸಲ ಉಸಿರೆಳೆದು ಮನೆಯವರನ್ನೆಲ್ಲ ಕಾಯಿಸುವುದು, ಪಾವಗಡದ ಬಸ್ಸಿನ ಕಂಡಕ್ಟರು "ಜರಗಂಡಿ, ಜರಗಂಡಿ, ಒಳಗೆಲ್ಲ ಖಾಲಿ ಐತೆ" ಎಂದು ಎರಡೆರಡು ಭಾಷೆಯಲ್ಲಿ ಸುಳ್ಳು ಹೇಳುವುದು, ರಿಸಲ್ಟು ನೋಡಿ ನಾನೇ ಬಿಕ್ಕಳಿಸುವುದು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಜನ ಬಿದ್ದುಬಿದ್ದು ನಗುತ್ತಿದ್ದುದು ಕೊನೆಯದಕ್ಕೆ.

ಮಾವ ದನದ ಡಾಕ್ಟರು. ಹೆಸರಿಗೆ ದನ; ಬರುತ್ತಿದ್ದವು ಮುಕ್ಕಾಲು ಪಾಲು ಕುರಿಗಳು. ಹಟ್ಟಿಗಳಿಗೆ ಹೋಗಿಬರಲು ಅವರು ಪಾವಗಡದ ಕಡಲೆಕಾಯಿ ಮಿಲ್ಲಿನ ಯಜಮಾನರೊಬ್ಬರಿಂದ ಹಳೆಯ ಕಾರೊಂದನ್ನು ಕೊಂಡಿದ್ದರು. ನಮ್ಮ ಕಡೆ ಹಳ್ಳಿಯ ದಾರಿಯೆಂದರೆ ಗಾಡಿಯ ಜಾಡು. ಎತ್ತಿನ ಗಾಡಿಯ ಚಕ್ರಗಳು ಎರಡೂ ಬದಿ ಕೊರೆದು ಕೊರೆದು ನಡುವೆ ದಿಬ್ಬವೊಂದನ್ನು ಉಳಿಸಿರುತ್ತವೆ. ಚಕ್ರ ಜಾಡಿಗೆ ಇಳಿಯಿತೋ, ಕಾರಿನ ಹೊಟ್ಟೆ ದಿಬ್ಬದ ಮೇಲೆ. ಹಾಗಾಗಬಾರದೆಂದು ಮಾವ ಒಂದು ಚಕ್ರವನ್ನು ದಿಬ್ಬದ ಮೇಲಿಟ್ಟು, ಉಸಿರು ಬಿಗಿಹಿಡಿದು ಓಡಿಸುತ್ತಿದ್ದರು. ಆ ಉಸಿರು ನೋಡಿಯೇ ನನ್ನ ಬಾಯಿಗೆ ತುರಿಕೆ ಹತ್ತಿದ್ದು.

ಕೊರಟಗೆರೆಗೆ ನಾಮಕರಣಕ್ಕೆ ಹೋಗುತ್ತಿದ್ದೆವು. ದಾರಿಯಲ್ಲೊಂದು ಸಣ್ಣ ಉಬ್ಬು ಬಂತು. ಹಿಂದಿನ ಸೀಟಿನಲ್ಲಿ ಕೂತಿದ್ದ ನಾನು ನಾಲಿಗೆ ಮಡಿಸಿ, ಕೆನ್ನೆ ಒಳಗೆಳೆದು, "ಕರ್ರ್‌ರ್... ಟಣ್" ಎಂದೆ. ಮಾವ ಗಕ್ಕನೆ ನಿಲ್ಲಿಸಿ, ಇಸ್ತ್ರಿಯ ಪಂಚೆಯಲ್ಲೇ ನೆಲಕ್ಕೆ ಕೆನ್ನೆಯಿಟ್ಟು ಕಾರಿನಡಿ ಇಣುಕಿದರು. ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕರು. ಅವರು ನಗದಿದ್ದರೆ ಅಂದೇ ಬಿಡುತ್ತಿದ್ದೆನೋ ಏನೋ. ಅರ್ಧ ಪಾಪ ಅವರ ತಲೆಗೂ ಇರಲಿ. ಆಮೇಲೆ ಅದು ಚಟವಾಯಿತು. ಮಾವ ಇಳಿದಿಳಿದು ನೋಡಿ, ಕೊನೆಗೆ ಊಟ ಮಾಡುವಾಗಲೂ "ಹೊಟ್ಟೆ ತಾಗ್ತಾ ಇದೆ, ಏನಾದರೂ ಮಾಡಬೇಕು" ಎನ್ನತೊಡಗಿದರು. ಒಂದು ದಿನ ಕಾರನ್ನು ಶಿರಾಕ್ಕೆ ಹೊಡೆದರು.

ಶಿರಾದ ಮೆಕ್ಯಾನಿಕ್ ಬಾಷಾ ಸಾಬರು ಕಾರಿನಡಿ ಅಂಗಾತ ಮಲಗಿ ಬಹಳ ಹೊತ್ತು ನೋಡಿ ಹೊರಗೆ ಬಂದರು. "ಡಾಕ್ಟರ್ ಸಾಬ್, ಹೊಟ್ಟೆಗೆ ಒಂದು ಗೀರೂ ಇಲ್ಲ. ಬಿಲ್ಕುಲ್ ಸಾಫ್."

"ಹಾಗಾದರೆ ನಾನು ಕೇಳಿದ್ದು ಸುಳ್ಳಾ?" ಎಂದರು ಮಾವ.

ಆಗಲೇ ಹೇಳಿಬಿಡಬಹುದಿತ್ತು. ಬಾಯಿ ತೆರೆದೆ ಕೂಡ. ಊರಿನ ಸದ್ದನ್ನೆಲ್ಲ ಮಾಡಬಲ್ಲ ಬಾಯಿಗೆ ಆ ಒಂದು ಸದ್ದು ಬರಲಿಲ್ಲ. ಸಾಬರು ನನ್ನನ್ನೊಮ್ಮೆ ನೋಡಿ, ಗಡ್ಡ ಕೆರೆದುಕೊಂಡು, ಗುಜರಿ ಲಾರಿಯ ಸ್ಪ್ರಿಂಗ್ ಪಟ್ಟಿಗಳನ್ನು ಎರಡೆರಡರಂತೆ ಹಿಂದಿನ ಎರಡು ಚಕ್ರಕ್ಕೂ ಸೇರಿಸಿ ಬಿಗಿದರು. ಮುಂದಿನದು ಸುರುಳಿ ಸ್ಪ್ರಿಂಗು. ಅದಕ್ಕೆ ಬೇಕಾದ ಸಾಮಾನು ಬೆಂಗಳೂರಿಂದ ಬರಬೇಕು, ಬಂದ ಮೇಲೆ ಮುಂದನ್ನೂ ಎತ್ತೋಣ ಎಂದರು.

ಹೀಗಾಗಿ ಹಿಂಭಾಗ ಗೇಣುದ್ದ ಮೇಲಕ್ಕೆದ್ದು, ಮೂಗು ನೆಲ ನೋಡುತ್ತ, ಕಾರು ಥೇಟ್ ಗುದ್ದಲು ತಲೆ ತಗ್ಗಿಸಿದ ಟಗರಾಯಿತು. ಎದುರಿಗೆ ಬಂದ ನಾಯಿಗಳು ದಾರಿ ಬಿಟ್ಟವು. ಅತ್ತೆ ಹಿಂದೆ ಕೂತರೆ ಜಾರಿ ಮುಂದಿನ ಸೀಟಿಗೆ ಮೊಣಕಾಲು ಕೊಡುತ್ತಿದ್ದರು. ಈಗ ಅವರಿಗೆ ನಗು ಬರಲಿಲ್ಲ. ಮಾವನಿಗೆ ಮಾತ್ರ ಖುಷಿಯೋ ಖುಷಿ. ಇನ್ನು ಏನೂ ತಾಗುವುದಿಲ್ಲವೆಂದು ತೋರಿಸಲು ಬೇಕೆಂದೇ ಉಬ್ಬೊಂದರ ಮೇಲೆ ಹತ್ತಿಸಿದರು. ಚಟ ನೋಡಿ, ನನ್ನ ಬಾಯಿ ತಾನಾಗಿ "ಕರ್ರ್‌ರ್" ಎಂದಿತು. ತಲೆಯೆತ್ತಿದರೆ ಎದುರಿನ ಕನ್ನಡಿಯಲ್ಲಿ ಮಾವನ ಕಣ್ಣು, ನನ್ನ ಮಡಿಸಿದ ನಾಲಿಗೆಯ ಮೇಲೆ. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಅದನ್ನೂ ಅಣಕಿಸಬಹುದಿತ್ತು. "ಇನ್ನೊಂದು ಸಲ ಆ ಸದ್ದು ಬಂದರೆ ನಿಮ್ಮಪ್ಪನ ಊರಿನ ಬಸ್ಸು" ಎಂದಷ್ಟೇ ಹೇಳಿದರು. ನಮ್ಮಪ್ಪನಿಗೆ ನಾನು ಪಾಸಾಗದೆ ಮುಖ ತೋರಿಸುವುದು ಬೇಡವಾಗಿತ್ತು, ನನಗೂ.

ಅದಾದ ನಾಲ್ಕನೆಯ ದಿನ, ಬುಕ್ಕಾಪಟ್ಟಣದ ಆಚೆಯ ಹಟ್ಟಿಯಿಂದ ಚಿತ್ತಯ್ಯನೆಂಬ ಕುರಿಗಾರ ಮೊದಲ ಬಸ್ಸಿಗೇ ಬಂದು ಬಾಗಿಲಲ್ಲಿ ನಿಂತಿದ್ದ. ಹೊಸ ಹುಲ್ಲು ಮೇಯ್ದ ಕುರಿಗಳು ಗಿರಗಿರ ಸುತ್ತಿ ಬೀಳುತ್ತಿವೆ, ಆರು ಹೋದವು, ಇನ್ನೂರರಷ್ಟು ಉಳಿದಿವೆ ಎಂದ. ಕರುಳು ಬೇನೆ. ನಿಂತಿರುವ ಕುರಿಗಳಿಗಾದರೂ ಲಸಿಕೆ ಬೀಳಬೇಕು. ಇದ್ದ ಲಸಿಕೆಯನ್ನೆಲ್ಲ ಮಾವ ಐಸು ತುಂಬಿದ ಫ್ಲಾಸ್ಕಿನಲ್ಲಿಟ್ಟು ನನ್ನ ತೊಡೆಯ ಮೇಲೆ ಕೂರಿಸಿದರು. ಐಸು ಕರಗಿದರೆ ಲಸಿಕೆ ಬರೀ ನೀರು. ಮತ್ತೆ ತರಿಸಲು ವಾರ ಬೇಕು. ಅಷ್ಟರಲ್ಲಿ ಮಂದೆಯೇ ಇರುವುದಿಲ್ಲ.

ನನ್ನ ಕಿವಿ ಸದ್ದಿಗೆ ಪಳಗಿದ್ದು. ಮಧುಗಿರಿ ಬಿಡುವಾಗ ಫ್ಲಾಸ್ಕು ಅಲುಗಿಸಿದರೆ ಕಲ್ಲು ತುಂಬಿದಂತೆ ಗಟ್ಟಿ ಸದ್ದು. ಶಿರಾ ದಾಟುವಾಗ ಗಳಗಳ. ಬುಕ್ಕಾಪಟ್ಟಣ ಬಿಟ್ಟು ಗಾಡಿ ಜಾಡಿಗೆ ಇಳಿಯುವಾಗ ಗಳಗಳದ ನಡುವೆ ನೀರಿನ ಸದ್ದು. ಬಿಸಿಲು ನೆತ್ತಿಗೇರಿತ್ತು. ಮುಂದೆ ಕೂತ ಚಿತ್ತಯ್ಯ ದಾರಿಯನ್ನೇ ನೋಡುತ್ತಿದ್ದ.

ಆಗ ಅಡಿಯಿಂದ ಬಂತು: ಕರ್ರ್‌ರ್... ಟಣ್. ನಾನೂ ಅಷ್ಟು ಚೆನ್ನಾಗಿ ಎಂದೂ ಮಾಡಿರಲಿಲ್ಲ.

ಕನ್ನಡಿಯಲ್ಲಿ ಮಾವನ ಹುಬ್ಬು ಗಂಟಾಯಿತು. ಕಾರು ನಿಲ್ಲಲಿಲ್ಲ.

"ಮಾವ, ಅದು ನಾನಲ್ಲ."

"ಕೊರಟಗೆರೆ ದಾರೀಲೂ ನೀನಲ್ಲ, ಅಲ್ವೇನೋ?"

ಹಿಂದಿನ ಗಾಜಿನಲ್ಲಿ ನೋಡಿದೆ. ಬಿಳಿ ಮಣ್ಣಿನ ಮೇಲೆ ಕರಿದಾರದಂತೆ ಎಣ್ಣೆಯ ಗೆರೆ ನಮ್ಮನ್ನು ಹಿಂಬಾಲಿಸುತ್ತಿತ್ತು. ಎಂಜಿನ್ ಆಯಿಲ್ಲಿನ ಚೇಂಬರ್ ನಮ್ಮ ಕಾರಿನಲ್ಲಿ ಮೂಗಿನ ಕೆಳಗಿತ್ತು. ಹಿಂಭಾಗ ಎತ್ತಿದ ಮೇಲೆ ನೆಲಕ್ಕೆ ಎಲ್ಲಕ್ಕಿಂತ ಹತ್ತಿರ ಅದೇ. ಆಯಿಲ್ ಪೂರಾ ಹೋದರೆ ಎಂಜಿನ್ ಕಚ್ಚಿಕೊಳ್ಳುತ್ತದೆ, ಕಾರು ಅಲ್ಲೇ, ಐಸು ಅಲ್ಲೇ. ಹೇಳಿದೆ. ಮಾವ ನಂಬಲಿಲ್ಲ. ಆಣೆ ಮಾಡಿದೆ. ನನ್ನ ಆಣೆಯ ಬೆಲೆ ಅವರಿಗೆ ಗೊತ್ತಿತ್ತು. ಬೇರೆ ದಾರಿ ಕಾಣದೆ ಹೆಗಲ ಟವೆಲ್ಲನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡು, ಮಾವನ ಭುಜ ತಟ್ಟಿ, ಕನ್ನಡಿಗೆ ಮುಖವೊಡ್ಡಿ ಕಾದೆ. ದಿಬ್ಬ ಒಂದು ಸಲ ತಾಗಲಪ್ಪ ಎಂದು ಬೇಡಿಕೊಂಡ ಮೊದಲ ಪ್ರಯಾಣಿಕ ನಾನೇ ಇರಬೇಕು. ತಾಗಿತು. ಕರ್ರ್‌ರ್. ಟವೆಲ್ ಅಲ್ಲೇ ಇತ್ತು. ಮಾವ ಬ್ರೇಕ್ ಒತ್ತಿದರು.

ಚೇಂಬರಿನಲ್ಲಿ ಕೂದಲೆಳೆಯ ಸೀಳು. ಮಾವ ಔಷಧಿ ಚೀಲದಿಂದ ಕೈ ತೊಳೆಯುವ ಕಾರ್ಬಾಲಿಕ್ ಸೋಪು ತೆಗೆದು, ನಾದಿ, ಸೀಳಿಗೆ ಒತ್ತಿ ಮೆತ್ತಿದರು. ಡಿಕ್ಕಿಯಲ್ಲಿದ್ದ ಅರ್ಧ ಡಬ್ಬ ಆಯಿಲ್ ಸುರಿದರು. ಸೋಪು ಹಿಡಿಯಿತು. ಆದರೆ ಎರಡು ಮೈಲಿ ದಿಬ್ಬ ಇನ್ನೂ ಮುಂದಿತ್ತು. ಕುರಿಗಳನ್ನೇ ಇತ್ತ ಹೊಡೆದುಕೊಂಡು ಬರಲೇ ಎಂದು ಚಿತ್ತಯ್ಯ ಕೇಳಿದ. ಓಡಿಸಿದರೆ ದಾರಿಯಲ್ಲೇ ಬೀಳುತ್ತವೆ ಎಂದರು ಮಾವ. ಚಿತ್ತಯ್ಯ ಕಾರನ್ನು ಪಕ್ಕದಿಂದ ಒಂದು ಸಲ ನೋಡಿದ.

"ಇದು ಮೂಕಿ ಭಾರ ಆಗೈತೆ ಸ್ವಾಮಿ. ಗಾಡಿ ಮೂಕಿ ಎತ್ತಿನ ಕತ್ತಿನ ಮ್ಯಾಲೆ ಕುಂತ್ರೆ ಏನ್ಮಾಡ್ತೀವಿ? ಮೂಟೆ ಹಿಂದಕ್ಕೆ ಜರುಗುಸ್ತೀವಿ. ಇಂಗೆ ಮುಂದೆ ಬಗ್ಗಿದ್ರೆ ಹಿಂದೆ ಭಾರ ಹಾಕ್ಬೇಕು ಕಣ್ ಬುಡಿ." ಆಮೇಲೆ ನನ್ನ ಕಡೆ ತಿರುಗಿ, "ಬಾರಪ್ಪ ಮೂಟೆ" ಎಂದ.

ಡಿಕ್ಕಿಯ ಮುಚ್ಚಳ ತೆಗೆದು, ಹೊಲದ ಬದುವಿನ ದಪ್ಪ ಕಲ್ಲುಗಳನ್ನು ಹೇರಿ, ಅವುಗಳ ಮೇಲೆ ನಾವಿಬ್ಬರೂ ಕಾಲು ಇಳಿಬಿಟ್ಟು ಕೂತೆವು. ಸಾಬರು ಎರಡೆರಡು ಪಟ್ಟಿ ಹಾಕಿ ಎತ್ತಿದ್ದನ್ನು ನಾವು ಕುಂಡೆಯೂರಿ ಇಳಿಸಿದೆವು. ಮೂಗು ಮೇಲೆದ್ದಿತು. ಕಾರು ಶಿರಾಕ್ಕೆ ಹೋಗುವ ಮುಂಚೆ ಎಷ್ಟಿತ್ತೋ ಅಷ್ಟೇ ಎತ್ತರಕ್ಕೆ ಬಂದು, ಏನೂ ತಾಗಿಸಿಕೊಳ್ಳದೆ ಹಟ್ಟಿ ಮುಟ್ಟಿತು. ಫ್ಲಾಸ್ಕು ಅಲುಗಿಸಿದೆ. ಟಿಣ್ ಎಂದಿತು. ಎರಡು ಚೂರು ಉಳಿದಿದ್ದವು.

ಸಂಜೆಯವರೆಗೆ ನಾನು ಕುರಿ ಹಿಡಿದೆ, ಮಾವ ಸೂಜಿ ಚುಚ್ಚಿದರು. ಮಂದೆ ಉಳಿಯಿತು. ಆದರೆ ನಾವು ದಾರಿಯಲ್ಲಿ ಸೋಪು ನಾದುತ್ತಿದ್ದಾಗ ಇನ್ನೂ ಒಂದು ಹೋಗಿತ್ತು, ತುಂಬಿದ ಗಬ್ಬದ್ದು. ಲಸಿಕೆ ಹಾಕಿದ್ದರೂ ಅದು ಉಳಿಯುತ್ತಿರಲಿಲ್ಲ ಎಂದು ಮಾವ ನನಗೆ ಎರಡು ಸಲ ಹೇಳಿದರು. ಊರೆಲ್ಲವನ್ನೂ ಅಣಕಿಸಿದ ನಾನು, ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಚಿತ್ತಯ್ಯ ಮಾಡಿದ ಸದ್ದನ್ನು ಈವತ್ತಿನವರೆಗೂ ಮಾಡಿಲ್ಲ.

ವಾಪಸು ಬರುವಾಗ ಡಿಕ್ಕಿಯಲ್ಲಿ ಕಲ್ಲುಗಳ ಜೊತೆ ನಾನೊಬ್ಬನೇ. ಮುಂದಿನ ಸಾಮಾನು ಬೆಂಗಳೂರಿಂದ ಬಂತು, ಮಾವ ಹಾಕಿಸಲಿಲ್ಲ. ಹಿಂದಿನ ಪಟ್ಟಿಗಳನ್ನು ತೆಗೆಸಲೂ ಇಲ್ಲ. ಖರ್ಚೇಕೆ, ಮೂಟೆ ಮನೆಯಲ್ಲೇ ಇದೆಯಲ್ಲ ಎಂದರು. ಪರೀಕ್ಷೆಯವರೆಗೂ ಮಾವನ ಊರೂರು ತಿರುಗಾಟಕ್ಕೆಲ್ಲ ನನ್ನ ಜಾಗ ಡಿಕ್ಕಿಯೇ.

ಒಂದು ದಿನ ಮದಲೂರಿನ ಹತ್ತಿರ ಉಬ್ಬೊಂದು ದಾಟುವಾಗ ಮುಂದುಗಡೆಯಿಂದ "ಕರ್ರ್‌ರ್" ಎಂದು ಕೇಳಿಸಿತು. ಕಾರು ನಿಂತಿತು. ಇಳಿದು ನೋಡು ಎಂದರು ಮಾವ. ಸದ್ದಿನಲ್ಲಿ ಗಂಟಲಿತ್ತು, ಉಗುಳಿತ್ತು, ಕೊನೆಯ "ಟಣ್" ಇರಲೇ ಇಲ್ಲ. ಅಷ್ಟು ಕೆಟ್ಟ ಅಣಕವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಆದರೂ ಇಳಿದೆ, ನೆಲಕ್ಕೆ ಕೆನ್ನೆಯಿಟ್ಟು ಕಾರಿನಡಿ ಪೂರ್ತಿ ನೋಡಿದೆ, ಎದ್ದು ಮಣ್ಣು ಕೊಡವಿಕೊಂಡು "ಏನೂ ಆಗಿಲ್ಲ ಮಾವ" ಎಂದು ಹೇಳಿ ಮತ್ತೆ ಕಲ್ಲುಗಳ ಪಕ್ಕ ಕೂತೆ.