ಸೇತುವೆ ಲೆಕ್ಕದ ಮೇಲೆ ರೇಷ್ಮೆಹುಳು

ತಪ್ಪು ನನ್ನದೇ. ಹುಳುಗಳದ್ದಲ್ಲ, ಕಂಪ್ಯೂಟರಿನದ್ದೂ ಅಲ್ಲ. ನಮ್ಮ ಯಜಮಾನರು ಊರಿಗೆಲ್ಲ ಬೇರೆ ಥರ ಹೇಳಿಕೊಂಡು ಬಂದರು. ಅವರ ಕಥೆಯಲ್ಲೂ ತಪ್ಪು ನನ್ನದೇ, ಸ್ವಲ್ಪ ಜಾಸ್ತಿ ಅಷ್ಟೆ.

ನಂಗಲಿ ಹತ್ತಿರ ನಮ್ಮೂರ ಹಳ್ಳಕ್ಕೆ ಆಗ ಸೇತುವೆ ಕಟ್ಟುತ್ತಿದ್ದರು. ಕಾಂಕ್ರೀಟು ತೊಲೆಗಳನ್ನು ದಡದಲ್ಲೇ ಎರಕ ಹೊಯ್ದು, ಆಮೇಲೆ ಕ್ರೇನಿನಲ್ಲಿ ಎತ್ತಿ ಕಂಬಗಳ ಮೇಲೆ ಕೂರಿಸುವುದು. ನಮ್ಮ ಮುಂದಿನ ಕೋಣೆಗೆ ಬಾಡಿಗೆಗೆ ಬಂದಿದ್ದ ಇಂಜಿನಿಯರ್ ಪ್ರಕಾಶ, ತೊಲೆ ಎಷ್ಟು ಭಾರ ತಡೆಯುತ್ತದೆಂದು ಬೆಂಗಳೂರಿನ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸಿ ತರುತ್ತಿದ್ದ.

“ಅಜ್ಜಿ, ಕಂಪ್ಯೂಟರ್ ಒಳಗೇ ತೊಲೆ ಇಟ್ಟು, ಮೇಲೆ ಲೋಡ್ ಲಾರಿ ಓಡಿಸ್ತೀವಿ. ಒಂದೊಂದಡಿ ಮುಂದಕ್ಕೆ ಹೋದಾಗ್ಲೂ ತೊಲೆ ಎಷ್ಟು ಬಾಗ್ತದೆ ಅಂತ ಅದೇ ಹೇಳ್ತದೆ!”

“ಡ್ರೈವರ್ ಯಾರಪ್ಪಾ?”

“ಯಾರೂ ಇಲ್ಲ!”

ನನಗೆ ರೋಮಾಂಚನ! ನಮ್ಮ ರಸ್ತೆಯಲ್ಲಿ ಡ್ರೈವರಿದ್ದೇ ಲಾರಿಗಳು ಹಳ್ಳಕ್ಕೆ ಬೀಳುತ್ತವೆ.

ಲೆಕ್ಕ ಬರುತ್ತಿದ್ದುದು ಮಾರುದ್ದದ ಕಾಗದದಲ್ಲಿ, ಅಂಚಿಗೆಲ್ಲ ತೂತು. ತಪ್ಪಾದ ಕಂತೆಗಳನ್ನು ಜಗಲಿಯ ಮೇಲಿಟ್ಟು, “ಹುಳದ ತಟ್ಟೆಗೆ ಹಾಸ್ಕೊಳ್ಳಿ ಅಜ್ಜಿ” ಎನ್ನುತ್ತಿದ್ದ. ರೇಷ್ಮೆಯ ಮರಿಹುಳುಗಳಿಗೆ ಅದಕ್ಕಿಂತ ಒಳ್ಳೆಯ ಹಾಸಿಗೆಯಿಲ್ಲ. ಒಂದು ದಿನ ಜಗಲಿಯ ಮೇಲೆ ದಪ್ಪ ಕಂತೆ ಕಂಡಿತು. ಹಾಸಿದೆ. ಅಂಕಿ ಮೇಲೆ ಬರುವಂತೆಯೇ ಹಾಸಿದೆ. ನಾನಂತೂ ಓದಲಿಲ್ಲ, ಹುಳುಗಳಾದರೂ ಓದಲಿ!

ಕ್ರೇನ್ ಗೊತ್ತುಮಾಡಲು ಮುಳಬಾಗಿಲಿಗೆ ಹೋಗಿದ್ದ ಪ್ರಕಾಶ ಮರುದಿನ ಮಧ್ಯಾಹ್ನ ಬಂದ.

“ಅಜ್ಜಿ, ಇಲ್ಲಿಟ್ಟಿದ್ದ ಕಾಗದ?”

“ಹುಳದ ಕೆಳಗಿದೆ.”

ಅವನು ಕುಸಿದು ಕೂತ. ಅದು ಸರಿಯಾದ ಲೆಕ್ಕವಂತೆ! ಇನ್ನೊಂದು ಗಂಟೆಯಲ್ಲಿ ದೊಡ್ಡ ಇಂಜಿನಿಯರ್ ಬರುತ್ತಾರೆ. ಅದನ್ನು ನೋಡಿ ರುಜು ಹಾಕದಿದ್ದರೆ ನಾಳೆ ತೊಲೆ ಏಳುವುದಿಲ್ಲ, ಕ್ರೇನ್ ವಾಪಸ್, ಇವನ ಕೆಲಸವೂ ಹೋಗುತ್ತದೆ.

“ಬೇಗ ತೆಗೀರಿ ಅಜ್ಜಿ!”

“ಆಗಲ್ಲ ಕಣಪ್ಪಾ. ಹುಳ ಜ್ವರಕ್ಕೆ ಕೂತಿವೆ.”

ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು, ತಲೆಯೆತ್ತಿ, ಅಲುಗದೆ ಕೂರುತ್ತದೆ. ಅದಕ್ಕೆ ನಾವು ಜ್ವರ ಎನ್ನುವುದು. ಆಗ ಕದಲಿಸಿದರೆ ಬೆಳೆ ಹಾಳು.

ಯಜಮಾನರು ಇಣುಕಿದರು. “ದೇವುಡಾ! ಹುಳಕ್ಕಿರೋ ಜ್ವರಾನ ಹುಡುಗನಿಗೂ ಅಂಟಿಸಿದ್ಯಲ್ಲೇ!”

ದೊಡ್ಡ ಇಂಜಿನಿಯರ್ ಜೀಪಿನಲ್ಲಿ ಬಂದರು. ಅಧಿಕಾರಿಗಳಾದರೇನು, ಹುಳುಮನೆಗೆ ಒಂದೇ ಕಾನೂನು. ಬೂಟು ಬಿಚ್ಚಿಸಿದೆ. ಬಾಗಿಲಲ್ಲಿ ಸುಣ್ಣದಪುಡಿ ತುಳಿಸಿದೆ. ಸಿಗರೇಟು ಕಿತ್ತೆಸೆದೆ. ಅವರು ಸೊಂಟ ಬಗ್ಗಿಸಿ, ಹುಳುಗಳ ಸಂದಿಯಲ್ಲಿ ಅಂಕಿ ಹುಡುಕತೊಡಗಿದರು. ಒಂದನೇ ತಟ್ಟೆ ಸರಿ. ಎರಡನೆಯದೂ ಸರಿ. ಮೂರನೆಯದಕ್ಕೆ ಕೂಗಿದರು:

“ಏನ್ರೀ ಇದು? ಈ ತೊಲೆ ಲಾರಿ ಹಾಗಿರ್ಲಿ, ಎತ್ತಿನಗಾಡೀನೂ ಹೊರಲ್ಲ!”

ಪ್ರಕಾಶ ಬಿಳಿಚಿಕೊಂಡ. ನಾನು ಬಗ್ಗಿ ನೋಡಿದೆ. ಅಂಕಿಗಳ ನಡುವೆ, ದಶಾಂಶದ ಬಿಂದುವಿನ ಹಾಗೆ, ಒಂದು ಕಪ್ಪು ಚುಕ್ಕೆ.

“ಸಾಮಿ, ಇದು ನಿಮ್ಮ ಲೆಕ್ಕದ ಚುಕ್ಕೆ ಅಲ್ಲ. ನಮ್ಮ ಹುಳದ ಹಿಕ್ಕೆ.”

ಊದಿದೆ. ಹಾರಿತು. ತೊಲೆಯ ಬಲ ಒಂದೇ ಉಸಿರಿಗೆ ಹತ್ತು ಪಟ್ಟು! ಕಂಪ್ಯೂಟರಿನ ಕೈಲಾಗದ ಕೆಲಸ! ಹೆಮ್ಮೆ ತಡೆಯಲಾರದೆ ಮುಂದಿನ ತಟ್ಟೆಯನ್ನೂ ಊದಿದೆ, ಇನ್ನೂ ಜೋರಾಗಿ. ದೊಡ್ಡ ಇಂಜಿನಿಯರ ಕಣ್ಣು ತುಂಬ ಹಿಕ್ಕೆ!

ಕಣ್ಣು ತೊಳೆದು ಬಂದವರು ಒಂದೊಂದು ಚುಕ್ಕೆಯನ್ನೂ ಪರೀಕ್ಷಿಸಬೇಕೆಂದರು. ಪೊರಕೆಕಡ್ಡಿ ಕೊಟ್ಟೆ. ತಿವಿದಾಗ ಕದಲಿದರೆ ನಮ್ಮದು, ಕದಲದಿದ್ದರೆ ಕಂಪ್ಯೂಟರಿನದು. ಇಬ್ಬರು ಇಂಜಿನಿಯರುಗಳು ಹೊತ್ತು ಮುಳುಗುವವರೆಗೆ ತಿವಿದರು. ಕೊನೆಗೂ ರುಜು ಬಿತ್ತು. ಹಸಿ ಹಿಕ್ಕೆ ಕಾಗದಕ್ಕೆ ಅಂಟಿಕೊಂಡರೆ ಕದಲುವುದಿಲ್ಲ ಎಂಬ ಮಾತನ್ನು ಮಾತ್ರ ನಾನು ನುಂಗಿಕೊಂಡೆ.

ಮರುದಿನ ಬೆಳಗ್ಗೆ, ಜ್ವರ ಬಿಟ್ಟೆದ್ದ ಹುಳುಗಳಿಗೆ ಸೊಪ್ಪು ಹಾಕಿ ಹಳ್ಳಕ್ಕೆ ಓಡಿದೆ. ಕ್ರೇನ್ ಮೊದಲನೇ ತೊಲೆಯನ್ನು ಎತ್ತಿ ಕಂಬಗಳ ಮೇಲೆ ಕೂರಿಸಿತು. ಊರೆಲ್ಲ ಕೇಕೆ! ಬಿಸಿಲೇರಿದಾಗ ಎಲ್ಲರೂ ಅದರ ಕೆಳಗೆ ಸೇರಿದರು.

“ಬನ್ನಿ ಅಜ್ಜಿ, ನೆರಳಿಗೆ!” ಎಂದು ಪ್ರಕಾಶ ಕೂಗಿದ.

“ಇಲ್ಲೇ ತಣ್ಣಗಿದೆ ಕಣಪ್ಪಾ” ಎಂದು, ಸೆರಗು ತಲೆಗೆ ಹೊದ್ದು ಬಿಸಿಲಿನಲ್ಲೇ ಕೂತೆ.