ಸೀಟಿನಡಿಯ ಎಂಜಿನ್ನೂ ಜಪಾನಿನ ಹೆಂಗಸೂ

ರಿಪೇರಿಗೆ ಬರುವುದು ಗಾಡಿ ಅಂದುಕೊಂಡಿರುತ್ತೇವೆ. ಜೊತೆಗೆ ಬಂದವರನ್ನು ಸರಿಮಾಡುವಷ್ಟರಲ್ಲೇ ಸಂಜೆಯಾಗಿರುತ್ತದೆ. ಕೊಳ್ಳೇಗಾಲದಲ್ಲಿ ನನ್ನದೊಂದು ಗ್ಯಾರೇಜು. ಬೆಂಗಳೂರಿನ ಯಾವುದೋ ಕಂಪನಿ ಜಪಾನಿನಿಂದ ತರಿಸಿ, ಬಳಸಿ, ಮಾರಿದ ಪುಟಾಣಿ ಟ್ರಕ್ಕೊಂದನ್ನು ನಮ್ಮೂರಿನ ರೇಷ್ಮೆಗೂಡಿನ ವ್ಯಾಪಾರಿಯೊಬ್ಬರು ಕೊಂಡು ತಂದ ಮೇಲಂತೂ ನಗುವಿಗೆ ಬರವೇ ಇಲ್ಲ.

ಎಂಜಿನ್ ಕಳವು

ಒಂದು ಮಧ್ಯಾಹ್ನ ವ್ಯಾಪಾರಿ ಫೋನು ಮಾಡಿದರು. "ಮೇಸ್ತ್ರಿ, ಲೊಕ್ಕನಹಳ್ಳಿಯಿಂದ ಬರ್ತಾ ಗಾಡಿ ನಿಂತೋಯ್ತು. ಗೂಡು ತುಂಬೀವ್ನಿ, ಬಿಸ್ಲಿಗೆ ಕೆಟ್ಟೋಯ್ತವೆ, ಬೇಗ ಬನ್ನಿ!"

ಬೈಕಿನಲ್ಲಿ ಓಡಿದೆ. ನಾಲ್ಕಾರು ಜನ ಗಾಡಿಯ ಮುಂದೆ, ಹಿಂದೆ, ಅಡಿಯಲ್ಲಿ ಬಗ್ಗಿ ಎಂಜಿನ್ ಹುಡುಕುತ್ತಿದ್ದರು. "ಯಾರೋ ಕದ್ದವ್ರೆ ಕಣ್ರಿ, ಕಂಪ್ಲೇಂಟ್ ಕೊಡಿ" ಎಂದು ಒಬ್ಬರು ತೀರ್ಪನ್ನೂ ಕೊಟ್ಟಾಗಿತ್ತು.

ಈ ಗಾಡಿಯ ಎಂಜಿನ್ ಇರುವುದು ಸೀಟಿನ ಕೆಳಗೆ. ಸೀಟಿನ ಮೇಲೆ ಹನೂರಿಗೆಂದು ಹತ್ತಿದ್ದ ಅಜ್ಜಿ.

"ಇಳಿಯಜ್ಜಿ, ಎಂಜಿನ್ ಕಾದದೆ. ನೀನು ಅದ್ರ ಮ್ಯಾಲೇ ಕುಂತಿದ್ದೀಯೆ."

"ಅದ್ಕೇ ಏನ್ಲಾ ಸೊಂಟಕ್ಕೆ ಇಷ್ಟು ಇತವಾಗಿರೋದು? ನಿಧಾನಕ್ಕೆ ಮಾಡು."

ಬೇಡಿಕೊಂಡು ಇಳಿಸಿದೆ. ನೀರಿನ ಪೈಪಿನ ಕ್ಲಿಪ್ಪು ಸಡಿಲವಾಗಿ ರೇಡಿಯೇಟರ್ ಒಣಗಿತ್ತು. ಎಂಜಿನ್ ಆರಿದ ಮೇಲೆ ಕ್ಲಿಪ್ಪು ಬಿಗಿದು ನೀರು ತುಂಬಿಸಿದೆ. ಗೂಡು ಉಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮತ್ತೆ ಹತ್ತಿ ಕುಳಿತ ಅಜ್ಜಿ ಮಾತ್ರ ಗದರಿದಳು: "ಏನ್ಲಾ ಕೆಡಿಸ್ಬುಟ್ಟೆ? ಮೊದ್ಲಿನಂಗೆ ಬಿಸೀನೇ ಇಲ್ವಲ್ಲ!"

ಮಂತ್ರದ ಚೀಟಿ

ಮನೆಮಂದಿಯನ್ನೆಲ್ಲ ಮಹದೇಶ್ವರ ಬೆಟ್ಟಕ್ಕೆ ಕರೆದೊಯ್ಯುವ ಮುಂಚಿನ ದಿನ ವ್ಯಾಪಾರಿ ಗಾಡಿ ತೋರಿಸಲು ಬಂದರು. ಬಾಗಿಲ ಪಕ್ಕ ಅಂಟಿಸಿದ್ದ ಜಪಾನಿ ಬರಹದ ಚೀಟಿಗೆ ಕುಂಕುಮ, ಮೇಲೊಂದು ಸೇವಂತಿಗೆ.

"ಅವ್ರ ದೇಶದ ಮಂತ್ರ, ಮೇಸ್ತ್ರಿ. ದಿನಾ ಕೈಮುಗಿದೇ ಗಾಡಿ ತೆಗೆಯದು."

ಕುಂಕುಮ ಒರೆಸಿ ಮೊಬೈಲ್ ಕ್ಯಾಮರಾ ಹಿಡಿದೆ. ಮಂತ್ರ ಕನ್ನಡಕ್ಕೆ ತಿರುಗಿತು: 'ಆಯಿಲ್ ಬದಲಿಸಲು ಮರೆಯಬೇಡಿ.'

ಎಂಜಿನ್‌ನ ಆಯಿಲ್ ಕಡ್ಡಿ ಎಳೆದು ನೋಡಿದೆ. ತುದಿಯಲ್ಲಿ ಡಾಂಬರಿನಂಥ ಒಂದು ತೊಟ್ಟು. ಹಾಗೇ ಬೆಟ್ಟ ಹತ್ತಿದ್ದರೆ ಅರ್ಧ ದಾರಿಯಲ್ಲೇ ಎಂಜಿನ್ ಬಿಗಿದು ನಿಂತುಬಿಡುತ್ತಿತ್ತು.

ನಾನೆಂದೆ: "ಅಣ್ಣ, ನಿಮ್ ದೇವ್ರು ಕುಂಕುಮ ಕೇಳಿಲ್ಲ. ಎಣ್ಣೆ ಮಜ್ಜನ ಕೇಳ್ತಾವ್ನೆ!"

ಗಾಡಿಯೊಳಗಿನವಳು

ಇನ್ನೊಮ್ಮೆ ವ್ಯಾಪಾರಿಯ ಹೆಂಡತಿಯೇ ಗಂಡನನ್ನು ಎಳೆದುಕೊಂಡು ಬಂದರು. ಮೂರು ದಿನ ಯಳಂದೂರಿನ ತವರಿನಲ್ಲಿ ಮುನಿಸಿಕೊಂಡು ಕೂತಿದ್ದರಂತೆ.

"ಇವ್ರು ಕೀ ತಿರುವ್ತಿದ್ದಂಗೇ ಯಾವಳೋ ನುಲಿಯೋ ದನೀಲಿ ಮಾತಾಡ್ತಾಳೆ ಕಣಣ್ಣ. ಯಾರವ್ಳು?"

ಗಂಡ ಬೆವರುತ್ತಿದ್ದರು. ಕೀ ತಿರುಗಿಸಿದೆ. ನಿಜ, ಜೇನಿನಂಥ ದನಿ. ಅದಕ್ಕೂ ಮೊಬೈಲ್ ಹಿಡಿದು ಅರ್ಥ ಹೇಳಿದೆ: "ಅಕ್ಕ, ಇದು ಜಪಾನಿನ ಟೋಲ್ ಕಟ್ಟೋ ಡಬ್ಬಿ, ನಮ್ ಫಾಸ್ಟ್ಯಾಗ್ ಇದ್ದಂಗೆ. ಕಾರ್ಡ್ ಹಾಕಿಲ್ಲ ಅಂತಾದೆ."

"ಕಾರ್ಡಾ?" ಆಕೆ ಸೊಂಟಕ್ಕೆ ಸೆರಗು ಸಿಕ್ಕಿಸಿದರು. "ನಮ್ ರೇಷನ್ ಕಾರ್ಡ್‌ಗೇ ಸೇರ್ಕೊಳಕ್ಕೆ ಬಂದವ್ಳಾ ಮೂದೇವಿ?"

ಡಬ್ಬಿಯ ವೈರು ಕಿತ್ತೆ. ದನಿ ನಿಂತಿತು. ಆಕೆ ನಕ್ಕರು. ಗಂಡನಿಗೆ ಹೋದ ಜೀವ ಬಂತು.

ವಾರ ಕಳೆದು ಆಕೆ ಒಬ್ಬರೇ ಬಂದು, ಅತ್ತಿತ್ತ ನೋಡಿ ಪಿಸುಗುಟ್ಟಿದರು: "ಅಣ್ಣ, ಆ ವೈರ್ ವಾಪಸ್ ಸೇರಿಸ್ಬುಡಿ. ಅವ್ಳು ಕೂಗ್ತಿದ್ರೆ ಇವ್ರು ಗಾಡಿ ತೆಗೆದ್ರು ಅಂತ ಅಡಿಗೆಮನೇಲೇ ಗೊತ್ತಾಗ್ತಿತ್ತು. ಈಗ ಹೇಳ್ದೆ ಕೇಳ್ದೆ ಓಯ್ತಾವ್ರೆ. ಪಾಪ, ಅವ್ಳೇ ಒಳ್ಳೇವ್ಳು!"