ಲಲಿತೆಯ ಡಬ್ಬ ಮತ್ತು ನನ್ನ ಇಟಾಲಿಯನ್

ಹೆಂಡತಿ ಹೇಳಿದ್ದನ್ನು ಅರ್ಧ ಮಾತ್ರ ಕೇಳಿಸಿಕೊಳ್ಳುವ ಗಂಡಂದಿರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಅದಕ್ಕೆ ಯಾರೂ ನಾಚಿಕೊಳ್ಳುವುದಿಲ್ಲ. ನನ್ನ ಅಪರಾಧ ಅದಕ್ಕಿಂತ ದೊಡ್ಡದು. ಒಂಬತ್ತು ವರ್ಷ ನಾನು ನನ್ನ ಹೆಂಡತಿ ಲಲಿತೆಯ ಮಾತನ್ನು ಇನ್ನೊಬ್ಬರಿಗೆ ದಾಟಿಸುವ ಕೆಲಸ ಮಾಡಿದೆ, ಹತ್ತು ಮಾತಿದ್ದರೆ ಒಂದನ್ನು ಮಾತ್ರ ದಾಟಿಸಿದೆ.

ನಾನು ಗೋಣಿಬೀಡಿನ ಮೇಲಿನ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ರೈಟರ್ ಎಂದರೆ ಕತೆ ಬರೆಯುವವನಲ್ಲ, ಆಳುಗಳ ಹಾಜರಿ ಬರೆಯುವವನು. ನಮ್ಮ ಯಜಮಾನರ ಕಾಫಿ ಕೊಳ್ಳಲು ಪ್ರತಿ ಜನವರಿಯಲ್ಲೂ ಇಟಲಿಯಿಂದ ಕ್ಲಾರಾ ಎಂಬ ಹೆಂಗಸು ಬರುತ್ತಾರೆ. ಅರವತ್ತರ ಆಸುಪಾಸು. ಇರುವಷ್ಟು ದಿನವೂ ಬೆಳಗಿನ ತಿಂಡಿ ನಮ್ಮ ಮನೆಯಲ್ಲೇ. ಒಲೆಯ ಮುಂದೆ ಲಲಿತ ಕನ್ನಡದಲ್ಲಿ, ಆಕೆ ಇಟಾಲಿಯನ್ನಿನಲ್ಲಿ, ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು. ನಡುವೆ ಎಸ್ಟೇಟ್ ಇಂಗ್ಲಿಷಿನ ಸೇತುವೆಯಾಗಿ ನಾನು, ಕೈಯಲ್ಲಿ ಅಕ್ಕಿರೊಟ್ಟಿ ಹಿಡಿದುಕೊಂಡು.

ಮೊದಲನೆಯ ವರ್ಷ ಕ್ಲಾರಾ ಒಂದು ನೀಲಿ ತಗಡಿನ ಡಬ್ಬದಲ್ಲಿ ಬಿಸ್ಕತ್ತು ತಂದುಕೊಟ್ಟರು. ನಮ್ಮಲ್ಲಿ ಯಾರದೇ ಪಾತ್ರೆಯನ್ನು ಖಾಲಿಯಾಗಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಲಲಿತ ಡಬ್ಬ ತೊಳೆದು, ಹಿತ್ತಲ ಬಳ್ಳಿಯ ಕರಿಮೆಣಸು ತುಂಬಿ, ಬಾಳೆನಾರಿನಿಂದ ಕಟ್ಟಿಟ್ಟು ಮುಂದಿನ ಜನವರಿಯಲ್ಲಿ ಕೊಟ್ಟಳು. ಅದರ ಮರುವರ್ಷ ಅದೇ ಡಬ್ಬ ಬಿಸ್ಕತ್ತು ತುಂಬಿಕೊಂಡು ಬಂತು. ಅಲ್ಲಿಂದ ಅದು ನನಗಿಂತ ಹೆಚ್ಚು ದೇಶ ತಿರುಗಿದೆ.

“ರೀ, ಅವ್ರಿಗೆ ಹೇಳಿ, ಈ ಸಲ ಬಳ್ಳಿಗೆ ರೋಗ ಬಂದು ಅರ್ಧ ಒಣಗೋಯ್ತು. ಉಳಿದಿದ್ರಲ್ಲಿ ದಪ್ಪ ಕಾಳೆಲ್ಲ ಆರಿಸಿ ಅವ್ರಿಗೇ ಅಂತ ಇಟ್ಟಿದೀನಿ. ಅವ್ರ ತಾಯಿ ಮಂಡಿನೋವು ಹೇಗಿದೆ ಅಂತಾನೂ ಕೇಳಿ” ಎನ್ನುತ್ತಿದ್ದಳು ಲಲಿತ. ನಾನು ಕ್ಲಾರಾ ಕಡೆ ತಿರುಗಿ, “ಶೀ ಸೇಸ್, ಗುಡ್ ಪೆಪ್ಪರ್” ಎನ್ನುತ್ತಿದ್ದೆ.

“ಅಷ್ಟು ಮಾತಿಗೆ ಇಷ್ಟೇನಾ ರೀ?”

“ಇಂಗ್ಲಿಷ್ ಚಿಕ್ಕ ಭಾಷೆ ಮಾರಾಯ್ತಿ, ಅದ್ರಲ್ಲಿ ಇಷ್ಟೇ ಹಿಡಿಯೋದು.”

ಕ್ಲಾರಾ ಕೈ ಆಡಿಸುತ್ತ ತಮಗೆ ಬರುವ ಇಂಗ್ಲಿಷಿನಲ್ಲಿ ಐದು ನಿಮಿಷ ಉತ್ತರ ಕೊಟ್ಟರೆ, ಅದನ್ನೂ ನಾನು “ಚೆನ್ನಾಗಿದೆ ಅಂದ್ರು” ಎಂಬಲ್ಲಿಗೆ ತಂದು ನಿಲ್ಲಿಸುತ್ತಿದ್ದೆ. ರೊಟ್ಟಿ ಆರಿಹೋಗುತ್ತಿತ್ತಲ್ಲ!

ಕಳೆದ ಜೂನ್‌ನಲ್ಲಿ ಲಲಿತ ಹೋದಳು. ಎದೆನೋವು ಎಂದಳು, ಮೂಡಿಗೆರೆ ಆಸ್ಪತ್ರೆ ಮುಟ್ಟುವ ಮೊದಲೇ ಜೀಪಿನಲ್ಲಿ ನನ್ನ ಭುಜಕ್ಕೆ ತಲೆಯಿಟ್ಟವಳು ಏಳಲಿಲ್ಲ. ಯಜಮಾನರು ಕ್ಲಾರಾಗೆ ಬರೆದು ತಿಳಿಸಿದರು. ಎಷ್ಟೋ ದಿನದ ಮೇಲೆ ಅಟ್ಟ ಹುಡುಕುವಾಗ ಡಬ್ಬ ಸಿಕ್ಕಿತು. ಬೇಸಿಗೆಯಲ್ಲೇ ಮೆಣಸು ತುಂಬಿ, ಕಟ್ಟಿ, ಜನವರಿಗೆಂದು ತಯಾರು ಮಾಡಿಟ್ಟುಬಿಟ್ಟಿದ್ದಳು. ನಾನು ಅಟ್ಟದ ಏಣಿಯ ಮೇಲೇ ಕೂತು ಅತ್ತೆ. ಈ ಒಂದು ಸಲವಾದರೂ ಅವಳ ಮಾತನ್ನು ಪೂರ್ತಿ, ಆಕೆಯ ಭಾಷೆಯಲ್ಲೇ ಮುಟ್ಟಿಸಬೇಕು ಎಂದು ಅಲ್ಲೇ ತೀರ್ಮಾನಿಸಿದೆ.

ಫೋನಿನಲ್ಲಿ ಇಟಾಲಿಯನ್ ಕಲಿಸುವ ಒಂದು ಆ್ಯಪ್ ಹಾಕಿಸಿಕೊಂಡೆ. “ನಾನು ಸೇಬು ತಿನ್ನುತ್ತೇನೆ” ಎಂಬಲ್ಲಿಯವರೆಗೆ ಸಲೀಸಾಗಿ ಹೋಯಿತು. ಯಾರಿಗಾದರೂ ಏನನ್ನಾದರೂ ಕೊಡುವ ಪಾಠ ಬಂದಾಗ ಕುತ್ತಿಗೆಗೆ ಬಂತು. ನಮ್ಮಲ್ಲಿ “ಕೊಟ್ಟೆ” ಎಂದರೆ ಮುಗಿಯಿತು. ಏನು, ಯಾರಿಗೆ ಎಂಬುದು ಕೇಳುವವರಿಗೇ ಗೊತ್ತಿರುತ್ತದೆ. ಅವರಿಗೆ ಹಾಗಲ್ಲ, ಮೊದಲು ಯಾರಿಗೆ, ಆಮೇಲೆ ಏನನ್ನು, ಎರಡನ್ನೂ ಬೆಸೆದು ಕ್ರಿಯಾಪದದ ಮುಂದೆ ನಿಲ್ಲಿಸಬೇಕು. ಬೆಸೆಯುವಾಗ, ನನಗೆ ಎನ್ನಲು ‘ಮಿ’ ಇದ್ದದ್ದು ‘ಮೆ’ ಆಗುತ್ತದೆ. ಅವನಿಗೆ, ಅವಳಿಗೆ, ತಮಗೆ, ಮೂವರಿಗೂ ‘ಲ್ಯೇ’ ಒಂದೇ. ಡಬ್ಬ ಅವರಲ್ಲಿ ಹೆಣ್ಣಂತೆ, ಆದ್ದರಿಂದ ಹಿಂದೆ ‘ಲಾ’. ಹೀಗೆ ‘ಅದನ್ನು ತಮಗೆ’ ಎಂಬುದು ‘ಲ್ಯೇಲಾ’ ಆಗಿ, ನನ್ನ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟಿಗೆ ಸಿಕ್ಕಿಹಾಕಿಕೊಂಡಿತು. ನಾಲ್ಕು ತಿಂಗಳು ಕಾಫಿಗಿಡಗಳ ಸಾಲಿನಲ್ಲಿ “ಮೆ ಲೋ, ತೆ ಲೋ, ಲ್ಯೇಲಾ” ಎನ್ನುತ್ತ ಓಡಾಡಿದೆ.

ಮೇಸ್ತ್ರಿ ಸೋಮಣ್ಣ ಹಿಂದೆಯೇ ಬಂದ. “ರೈಟ್ರೇ, ಅಮ್ಮಾವ್ರು ಹೋದ್ಮೇಲೆ ನೀವು ಸರಿಯಾಗಿ ಊಟ ಮಾಡ್ತಿಲ್ಲ. ಗಿರಿಜನ್ನ ಅಡುಗೆಗೆ ಕಳಿಸ್ಲಾ?” ಹುಚ್ಚು ಹಿಡಿದಿದೆಯಾ ಎಂದು ಕೇಳುವುದಕ್ಕೆ ಮಲೆನಾಡಿನ ಮರ್ಯಾದೆಯ ಮಾತು ಅದು. ಮಾರನೆಯ ದಿನದಿಂದ ಅವನ ಹೆಂಡತಿ ಗಿರಿಜ ಅಡುಗೆಗೆ ಬರತೊಡಗಿದಳು.

ಜನವರಿಯಲ್ಲಿ ಕ್ಲಾರಾ ಬಂದರು. ಕಣದಲ್ಲಿ ಒಣಗುತ್ತಿದ್ದ ಪಾರ್ಚ್‌ಮೆಂಟ್ ಕಾಫಿಬೀಜವನ್ನೂ ನೋಡದೆ ನೇರ ನಮ್ಮ ಅಡುಗೆಮನೆಗೆ ಬಂದು ನಿಂತರು. ನಾನು ಡಬ್ಬ ಮುಂದೆ ಹಿಡಿದು, ಹಲ್ಲು ಬಿಗಿಮಾಡಿಕೊಂಡು, “ಲ್ಯೇಲಾ ಮಾಂದಾ ಲಲಿತಾ” ಎಂದೆ. ಇದನ್ನು ತಮಗೆ ಲಲಿತ ಕಳಿಸುತ್ತಾಳೆ. ‘ಕಳಿಸಿದ್ದಳು’ ಎನ್ನುವ ಪಾಠ ಇನ್ನೂ ಬಂದಿರಲಿಲ್ಲ. ಬಂದಿದ್ದರೂ ನಾನು ಹೇಳುತ್ತಿರಲಿಲ್ಲ.

ಕ್ಲಾರಾ ಒಲೆಯ ಪಕ್ಕದ ಲಲಿತೆಯ ಮಣೆಯ ಮೇಲೆ ಕೂತುಬಿಟ್ಟರು. ನನಗೆ ಇಟಾಲಿಯನ್ ಪೂರ್ತಿ ಬಂದಿದೆ ಎಂದುಕೊಂಡರೋ ಏನೋ, ಅಳುತ್ತ, ನಡುವೆ ನಗುತ್ತ, ಅರ್ಧ ಗಂಟೆ ಮಾತಾಡಿದರು. ಅಷ್ಟು ಮಾತಿನ ರಾಶಿಯಲ್ಲಿ ನನಗೆ ಎರಡು ‘ಮೆ ಲೋ’, ಒಂದು ‘ಲ್ಯೇಲಾ’ ಮತ್ತು ಎಷ್ಟೋ ಸಲ ‘ಲಲಿತಾ’ ಮಾತ್ರ ಸಿಕ್ಕವು. ನಾನು ತಲೆಯಾಡಿಸಿದೆ. ಮಾತು ಮುಗಿದ ಮೇಲೆ ಅವರು ನಾರು ಬಿಚ್ಚಿ, ಮೆಣಸನ್ನು ಬಟ್ಟೆಯ ಚೀಲಕ್ಕೆ ಸುರಿದುಕೊಂಡರು. ತಮ್ಮ ಬ್ಯಾಗಿನಿಂದ ಬಿಸ್ಕತ್ತು ತೆಗೆದು ಡಬ್ಬಕ್ಕೆ ತುಂಬಿ, ಅದೇ ನಾರಿನಿಂದ ಕಟ್ಟಿ ನನ್ನ ಕೈಗಿಟ್ಟರು. ಖಾಲಿ ಕೊಡಬಾರದೆಂದು ಆಕೆಗೆ ಯಾರು ಹೇಳಿದ್ದರು? ನಾನಂತೂ ಅದನ್ನು ಒಂದು ಸಲವೂ ದಾಟಿಸಿರಲಿಲ್ಲ.

ಅವರು ಹೋದ ಮೇಲೆ ಗಿರಿಜ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕೇಳಿದಳು, “ಏನಂದ್ರು ರೈಟ್ರೇ ಅವ್ರು, ಅಷ್ಟೊತ್ತು?”

“ಚೆನ್ನಾಗಿದೆ ಅಂದ್ರು” ಎಂದೆ.

ಲಲಿತ ಆಗಿದ್ದರೆ ಬಿಡುತ್ತಿರಲಿಲ್ಲ. ಗಿರಿಜ ಪಾಪ, ರೈಟರ್ ಹೇಳಿದ್ದನ್ನು ನಂಬಿ ಪಾತ್ರೆ ತೊಳೆಯಲು ಹೋದಳು.